ನಾಲಿಗೆಯ ಕೆಳಗೆ ಗುಳಿಗೆ, ಲೆಕ್ಕಕ್ಕೆ ಸಿಗದ ಮೈ

ಇಳಕಲ್ಲಿನಲ್ಲಿರುವ ನನ್ನ ಸೋದರಮಾವನ ಮಗ ಕಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾನೆ. ವಯಸ್ಸು ಇನ್ನೂ ನಲವತ್ತಾಗಿಲ್ಲ, ನಾಲ್ಕು ದವಡೆಹಲ್ಲು ಹೋಗಿವೆ. ಲಾರಿ ಓಡಿಸುವಾಗ ಬೆನ್ನುನೋವಿಗೆಂದು ನುಂಗಿದ ಗುಳಿಗೆ ಚಟವಾಗಿ, ಈಗ ಬುಪ್ರಿನಾರ್ಫಿನ್ ಚಿಕಿತ್ಸೆಯಲ್ಲಿದ್ದಾನೆ; ಅದೂ ಅಫೀಮಿನ ಜಾತಿಯದ್ದೇ, ಆದರೆ ಚಟದ ಸೆಳೆತ ತಡೆಯಲು ವೈದ್ಯರು ಅಳೆದು ಕೊಡುವ ಗುಳಿಗೆ. ದುಡಿಯುತ್ತಾನೆ, ಮನೆಮಂದಿಯ ಜೊತೆ ಕೂತು ಉಣ್ಣುತ್ತಾನೆ.

"ಹಲ್ಲಿನ ಡಾಕ್ಟರಿಗೆ ಈ ಗುಳಿಗಿ ಸುದ್ದಿ ಹೇಳಿಯೇನೋ ತಮ್ಮಾ?" ಅಂದೆ.

"ಹ್ಯಾಂಗ ಹೇಳ್ಲಿ ಅಣ್ಣಾ? ಇನ್ನೂ ಬಿಟ್ಟಿಲ್ಲ ಅಂತಾರ."

ಈ 'ಬಿಡುವ' ಮಾತಿಗೆ ನಮ್ಮ ಕಡೆ ದೊಡ್ಡ ಹಿನ್ನೆಲೆಯಿದೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಯಿಂದ ಎಷ್ಟೋ ಮನೆ ಉಳಿದವು. ಆದರೆ ಅಫೀಮಿನ ಜಾತಿಯ ಔಷಧಗಳಿಗೆ ಒಗ್ಗಿದ ದೇಹ ಬರೀ ಸಂಕಲ್ಪಕ್ಕೆ ಮಣಿಯುವುದು ಕಷ್ಟ. ಕೆಲಕಾಲ ಬಿಟ್ಟವನು ಮತ್ತೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಂತು ಸಾಯಬಹುದು.

1960ರ ದಶಕದ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ ಎಂಬ ವೈದ್ಯರು ಹೆರಾಯಿನ್ ವ್ಯಸನಿಗಳಿಗೆ ದಿನವೂ ಮೆಥಡೋನ್ ಎಂಬ ಅದೇ ಜಾತಿಯ ಔಷಧ ಕೊಟ್ಟು ನೋಡಿದ್ದು ಇದಕ್ಕೇ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೆಥಡೋನ್, ಬುಪ್ರಿನಾರ್ಫಿನ್ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಈ ಚಿಕಿತ್ಸೆ ಹರಡಿದ್ದು ಮುಖ್ಯವಾಗಿ ಎಚ್‌ಐವಿ ತಡೆಯ ಕಾರ್ಯಕ್ರಮದ ಬಾಗಿಲಿನಿಂದ. ಹಾಗಾಗಿ ಲೆಕ್ಕವೂ ಅದರದ್ದೇ ಆಯಿತು: ಸೂಜಿಯಲ್ಲಿ ನಶೆ ಚುಚ್ಚಿಕೊಳ್ಳುವುದು ನಿಂತಿತೇ, ಸೋಂಕು ತಗ್ಗಿತೇ? ಉಳಿದ ಮೈಯನ್ನು ಕೇಳಿದವರು ಕಡಿಮೆ. ನನಗೆ ನೋವಾಗುವುದು ಇಲ್ಲೇ.

ಬುಪ್ರಿನಾರ್ಫಿನ್ ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ಒಡೆದು ವ್ಯರ್ಥವಾಗುತ್ತದೆ. ಅದಕ್ಕೇ ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಅಷ್ಟು ಹೊತ್ತು ಹಲ್ಲಿನ ಬುಡದಲ್ಲಿ ಔಷಧ; ಮೇಲೆ ಬಾಯಿ ಒಣಗುವ ಕಾಟ, ಜೊಲ್ಲಿಲ್ಲದ ಬಾಯಲ್ಲಿ ಹುಳುಕು ಬೇಗ. 2022ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಎಚ್ಚರಿಸಿತು. ಅದು ಹೇಳಿದ ಉಪಾಯ ಸರಳ: ಪೂರ್ತಿ ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಿ, ಒಂದು ತಾಸು ಬಿಟ್ಟು ಹಲ್ಲುಜ್ಜಿ. ಗುಳಿಗೆ ನಿಲ್ಲಿಸಬೇಡಿ ಎಂದೂ ಹೇಳಿತು, ಏಕೆಂದರೆ ಚಿಕಿತ್ಸೆಯಲ್ಲಿ ಉಳಿದವರಲ್ಲಿ ಸಾವು ಬಹಳ ಕಡಿಮೆ.

ಮಲಬದ್ಧತೆ ಇನ್ನೊಂದು, ನಾಚಿಕೆಯಿಂದ ಯಾರೂ ಬಾಯಿಬಿಡುವುದಿಲ್ಲ. ಬೀಡಿ, ಸಿಗರೇಟು ಪುಪ್ಪುಸ ತಿನ್ನುತ್ತಿರುತ್ತವೆ. ಹಿಂದೆ ಸೂಜಿ ಹಂಚಿಕೊಂಡವರಲ್ಲಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಕೂತಿರಬಹುದು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದರ ಪರೀಕ್ಷೆ, ಔಷಧ ಎರಡೂ ಉಚಿತ. ಬಹಳ ಜನಕ್ಕೆ ಹನ್ನೆರಡು ವಾರದ ಗುಳಿಗೆಯಲ್ಲೇ ವಾಸಿ.

ಮುಚ್ಚಿಟ್ಟರೆ ಅಪಾಯವೂ ಇದೆ. ಹಲ್ಲು ಕಿತ್ತ ನೋವಿಗೆ ವೈದ್ಯರು ಗೊತ್ತಿಲ್ಲದೆ ಟ್ರಮಡಾಲ್ ಎಂಬ ಅದೇ ಜಾತಿಯ ನೋವಿನ ಗುಳಿಗೆ ಬರೆದರೆ ಅದು ನಾಟದೇ ಹೋಗಬಹುದು. ಬುಪ್ರಿನಾರ್ಫಿನ್ ಜೊತೆ ನಿದ್ದೆಗುಳಿಗೆಯೋ ಸಾರಾಯಿಯೋ ಸೇರಿದರೆ ಉಸಿರಿಗೇ ಕುತ್ತು.

ಹೋದ ವಾರ ತಮ್ಮನ ಜೊತೆ ಹಲ್ಲಿನ ದವಾಖಾನೆಗೆ ನಾನೂ ಹೋದೆ. ಚಿಕಿತ್ಸೆಯ ಚೀಟಿಯನ್ನು ಅವನೇ ಕಿಸೆಯಿಂದ ತೆಗೆದು ಟೇಬಲ್ಲಿನ ಮೇಲಿಟ್ಟ. ಡಾಕ್ಟರು ಎರಡು ಸಲ ಓದಿ, "ಇದನ್ನ ಮೊದಲ ಹೇಳ್ಬೇಕಿತ್ತಪಾ," ಎಂದು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.