ಕೈ ಹಿಡಿಯದ ರೋಬೋಟ್: ಪುನಶ್ಚೇತನ ಚಿಕಿತ್ಸೆಯಲ್ಲಿ ಬದಲಾದ ಅಭಿಪ್ರಾಯಗಳು

ಪಾರ್ಶ್ವವಾಯುವಿನಿಂದ ಸೋತ ಕೈಗೆ ಮತ್ತೆ ಚಲನೆ ಬರಬೇಕಾದರೆ ಒಂದೇ ವ್ಯಾಯಾಮವನ್ನು ದಿನದಿನವೂ ಬೇಸರವಿಲ್ಲದೆ ಮಾಡುತ್ತಿರಬೇಕು. ಫಿಸಿಯೋಥೆರಪಿಸ್ಟ್ ಎದುರಿಗಿರುವಷ್ಟು ಹೊತ್ತು ಹೇಗೋ ಸಾಗುವ ಈ ಕೆಲಸ ಅವರು ಹೊರಟ ಮೇಲೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಮೊದಲು ಬಂದ ಯಂತ್ರಗಳು ಈ ಬೇಸರವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವುಗಳ ಗಮನವೆಲ್ಲ ತೋಳಿನ ಮೇಲಿತ್ತು. ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ 1989ರಿಂದ ರೂಪುಗೊಂಡ ಎಂಐಟಿ-ಮಾನಸ್ ಎಂಬ ರೋಬೋಟ್ ರೋಗಿಯ ಕೈಯನ್ನು ಹಿಡಿದು ಮೇಜಿನ ಮಟ್ಟದಲ್ಲಿ ಅತ್ತಿತ್ತ ಸರಿಸುತ್ತಿತ್ತು. ಅಂಥ ಯಂತ್ರಗಳನ್ನು 127 ರೋಗಿಗಳಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 12 ವಾರಗಳ ಕೊನೆಗೆ ಅವು ಎಂದಿನ ಆರೈಕೆಗಿಂತ ಗಣನೀಯವಾಗಿ ಮೇಲೆನಿಸಲಿಲ್ಲ.

ಅಷ್ಟರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರೋಬೋಟ್ ಸಂಶೋಧಕಿ ಮಾಯಾ ಮತಾರಿಚ್ ಬೇರೊಂದು ದಾರಿ ಹಿಡಿದಿದ್ದರು. ರೋಗಿಯನ್ನು ಮುಟ್ಟದೆ, ಬರೀ ಜೊತೆಗಿದ್ದು ಮಾತಿನಿಂದ ಹುರಿದುಂಬಿಸುವ ರೋಬೋಟ್‌ಗಳ ಬಗೆಗೆ ಅವರು ಸಹ ಸಂಶೋಧಕ ಡೇವಿಡ್ ಫೀಲ್-ಸೈಫರ್ ಜೊತೆ 2005ರಲ್ಲಿ ವ್ಯಾಖ್ಯೆ ಕೊಟ್ಟರು. 2007ರಲ್ಲಿ ವರದಿಯಾದ ಅವರ ಪ್ರಯೋಗದ ರೋಬೋಟ್ ಚಕ್ರದ ಮೇಲೆ ಓಡಾಡುವ ಪೆಟ್ಟಿಗೆಯಷ್ಟೆ. ರೋಗಿ ಪತ್ರಿಕೆಗಳನ್ನು ಶೆಲ್ಫಿಗೆ ಜೋಡಿಸುತ್ತಿದ್ದಾಗ, ತೋಳಿಗೆ ಕಟ್ಟಿದ ಸೆನ್ಸರ್‌ನಿಂದ ಚಲನೆಯನ್ನು ಗ್ರಹಿಸಿ ಅದು ಮಾತನಾಡುತ್ತಿತ್ತು. ರೋಗಿಗಳು ಅದನ್ನು ಮೆಚ್ಚಿಕೊಂಡರು. ಆದರೆ ಅವರು ಬೆರಳೆಣಿಕೆಯಷ್ಟು ಮಂದಿ ಎಂಬುದನ್ನು ಮರೆಯಬಾರದು.

ಹೊರಗಿನ ಜನಾಭಿಪ್ರಾಯ ಇದಕ್ಕೆ ವಿರುದ್ಧವಾಗಿತ್ತು. ಯುರೋಪಿಯನ್ ಒಕ್ಕೂಟ ನಡೆಸುವ ಜನಾಭಿಪ್ರಾಯ ಸಮೀಕ್ಷೆ ಯೂರೋಬ್ಯಾರೋಮೀಟರ್‌ನ 2012ರ ಸುತ್ತಿನಲ್ಲಿ ಶೇ 70ರಷ್ಟು ಯುರೋಪಿಯನ್ನರು ರೋಬೋಟ್‌ಗಳ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಹೇಳಿದರೂ, ಮಕ್ಕಳು, ವೃದ್ಧರು ಮತ್ತು ಅಂಗವಿಕಲರ ಆರೈಕೆಯಲ್ಲಿ ಅವನ್ನು ನಿಷೇಧಿಸಬೇಕೆಂದವರು ಶೇ 60. ಉತ್ತರಿಸಿದವರಲ್ಲಿ ಬಹುತೇಕರು ಮನೆಯಲ್ಲಾಗಲಿ ಕೆಲಸದಲ್ಲಾಗಲಿ ರೋಬೋಟನ್ನು ಬಳಸಿದವರಲ್ಲ. ಮನುಷ್ಯರ ಜಾಗಕ್ಕೆ ಯಂತ್ರ ಬರುವುದನ್ನೇ ಅವರು ಕಲ್ಪಿಸಿಕೊಂಡಿರಬೇಕು, ಮನುಷ್ಯರು ಇಲ್ಲದ ಹೊತ್ತಿನಲ್ಲಿ ಅದು ಇರುವುದನ್ನಲ್ಲ ಎಂಬುದು ನನ್ನ ಊಹೆ.

ಚಿಕಿತ್ಸಾ ಕೊಠಡಿಯೊಳಗಿನ ತಕರಾರುಗಳು ಹೆಚ್ಚು ನಿರ್ದಿಷ್ಟವಾದವು. ಮೆಲ್ಬರ್ನ್‌ನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲಿ 58 ಸೆಂ.ಮೀ. ಎತ್ತರದ, ಮನುಷ್ಯಾಕಾರದ ನಾವೋ ರೋಬೋಟ್ ಮಕ್ಕಳೆದುರು ತಾನೇ ವ್ಯಾಯಾಮ ಮಾಡಿ ತೋರಿಸಿದರೆ, ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಶೆಲ್ಲಿ ಲೆವಿ-ತ್ಸೆದೆಕ್ ಅವರ ತಂಡದ ಪ್ರಯೋಗದಲ್ಲಿ ಪೆಪ್ಪರ್ ಎಂಬ ಇನ್ನೊಂದು ಮನುಷ್ಯಾಕಾರದ ರೋಬೋಟ್ ಬಣ್ಣದ ಲೋಟಗಳನ್ನು ಹೇಳಿದ ಕ್ರಮದಲ್ಲಿ ಜೋಡಿಸುವ ಆಟ ಆಡಿಸಿತು. ಇಲ್ಲಿ ಥೆರಪಿಸ್ಟ್ ಮೊದಲು ನೋಡುವುದು ಲೋಟವನ್ನಲ್ಲ, ರೋಗಿಯ ಸೊಂಟವನ್ನು: ಮೊಣಕೈ ಚಾಚುವ ಬದಲು ಮೈಯನ್ನೇ ಮುಂದಕ್ಕೆ ಬಾಗಿಸಿ ಲೋಟ ಇಟ್ಟರೆ ಅದು ವ್ಯಾಯಾಮವಲ್ಲ. ಲೋಟ ಸರಿಯಾದ ಜಾಗಕ್ಕೆ ಬಂದದ್ದನ್ನಷ್ಟೇ ಕಂಡು ಶಹಬ್ಬಾಸ್ ಎನ್ನುವ ಯಂತ್ರ ತಪ್ಪನ್ನೇ ರೂಢಿ ಮಾಡಿಸೀತು. ಇಂಥ ವಾರೆ ಚಲನೆಗಳನ್ನು ಕ್ಯಾಮೆರಾದಿಂದ ಗುರುತಿಸುವ ಪ್ರಯತ್ನಗಳು ನಡೆದಿರುವುದು ಅದಕ್ಕಾಗಿಯೇ.

ಇದೆಲ್ಲದರ ನಡುವೆ, ಪೆಪ್ಪರ್ ತಯಾರಿಕೆಯನ್ನು ನಿಲ್ಲಿಸಿರುವ ಸುದ್ದಿ 2021ರಲ್ಲಿ ಹೊರಬಿತ್ತು. ರೋಗಿ ಒಗ್ಗಿಕೊಂಡ ಮೇಲೆ ಕೆಟ್ಟು ನಿಂತ ರೋಬೋಟನ್ನು ರಿಪೇರಿ ಮಾಡುವವರು ಯಾರು ಎಂಬುದೂ ಈಗ ಆಸ್ಪತ್ರೆಗಳು ಕೇಳಲೇಬೇಕಾದ ಪ್ರಶ್ನೆ.