ಕುಮುದ್ವತಿ ಬತ್ತಿದ್ದು ಹೇಗೆ?

ಶಿವಗಂಗೆ ಬೆಟ್ಟ ಹತ್ತಿದವರು ತುಂಬ ಜನ. ಅಲ್ಲೊಂದು ನದಿ ಹುಟ್ಟುತ್ತದೆ ಅಂದರೆ ‘ಹೌದಾ?’ ಅನ್ನುವವರೇ ಜಾಸ್ತಿ. ಅದು ಕುಮುದ್ವತಿ. (ಶಿಕಾರಿಪುರದ ಕುಮುದ್ವತಿ ಬೇರೆ.) ನೆಲಮಂಗಲದ ಕೆರೆಗಳನ್ನು ಪೋಣಿಸಿಕೊಂಡು ನಲವತ್ತು ಚಿಲ್ಲರೆ ಕಿಲೋಮೀಟರ್ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಸೇರುತ್ತದೆ. ಹರಿದು ಅಂದೆ, ಹಳೇ ಅಭ್ಯಾಸ.

ಮೊದಲಿನ ಕಥೆ ಚಿಕ್ಕದು. ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತಗ್ಗಿನಲ್ಲಿ ಭತ್ತ, ದಿಬ್ಬದಲ್ಲಿ ರಾಗಿ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. 1974ರಲ್ಲಿ ನಗರಕ್ಕೆ ಕಾವೇರಿ ಬಂದಳು. ಈ ಕಡೆ ತಿರುಗಿ ನೋಡುವವರು ಕಮ್ಮಿಯಾದರು.

ನೆಲದ ಬಣ್ಣವೇ ಬದಲಾದದ್ದು 80ರ ದಶಕದಿಂದ. ಸಾಮಾಜಿಕ ಅರಣ್ಯ ಅಂತ ನೀಲಗಿರಿ ಸಸಿ ಹಂಚಿದರು. ರೈತರು ಬೇಡ ಅನ್ನಲಿಲ್ಲ. ರಾಗಿಗಾದರೆ ಉಳುಮೆ, ಕಳೆ, ಕೊಯ್ಲು, ಕಣ. ಆಳು ಎಲ್ಲಿಂದ ತರಬೇಕು? ಹುಡುಗರೆಲ್ಲ ಪೀಣ್ಯದ ಫ್ಯಾಕ್ಟರಿಗಳ ಶಿಫ್ಟಿಗೆ ಹೋಗುತ್ತಿದ್ದರು. ನೀಲಗಿರಿಗೆ ದನ ಬಾಯಿ ಹಾಕುವುದಿಲ್ಲ, ಕಾವಲೂ ಬೇಡ. ಐದಾರು ವರ್ಷಕ್ಕೊಮ್ಮೆ ಲಾರಿ ಬರುತ್ತದೆ, ದುಡ್ಡು ಕೈಗೆ ಬರುತ್ತದೆ, ಕಡಿದ ಬೊಡ್ಡೆ ಮತ್ತೆ ಚಿಗುರುತ್ತದೆ. ಆದರೆ ಅದರ ಬೇರು ನೆಲಕ್ಕಿಳಿದ ನೀರನ್ನು ಹಳ್ಳ ಸೇರುವ ಮೊದಲೇ ಹೀರುತ್ತದೆ. ಆ ತೋಪಿನಲ್ಲಿ ಒಮ್ಮೆ ನಡೆದು ನೋಡಿ. ಕಾಲಡಿ ತರಗೆಲೆ ಚರಚರ ಅನ್ನುತ್ತದೆ, ಹುಲ್ಲು ಹುಡುಕಬೇಕು.

ತೆರೆದ ಬಾವಿ ಬತ್ತಿದವು, ಬೋರ್‌ವೆಲ್ ಬಂದವು. ಅಂತರ್ಜಲ ಕೆಳಗಿಳಿದ ಮೇಲೆ ಹೊಳೆಗೆ ಒಸರುವುದಕ್ಕೆ ಏನು ಉಳಿಯಿತು? ಮಳೆ ಕಮ್ಮಿಯಾಯಿತು ಅನ್ನುವುದು ಸುಲಭ. ಅರ್ಕಾವತಿ ಜಲಾನಯನದ ಅಧ್ಯಯನಗಳಲ್ಲಿ ಮಳೆ ಅಷ್ಟೇನೂ ಇಳಿದಿಲ್ಲ. ನೀಲಗಿರಿ, ಬೋರ್‌ವೆಲ್‌ಗಳ ಕಡೆಗೇ ಅವು ಬೆರಳು ತೋರಿಸುತ್ತವೆ.

2003ರಲ್ಲಿ ಜಲಾಶಯದ ಜಲಾನಯನವನ್ನು ವಲಯಗಳಾಗಿ ಮಾಡಿ ಕಟ್ಟಡ, ಕಾರ್ಖಾನೆಗಳಿಗೆ ನಿರ್ಬಂಧ ಹಾಕಿದರು. ಆಮೇಲೆ ಅದೇ ನಿರ್ಬಂಧ ಸಡಿಲವೂ ಆಯಿತು. 2017ರಲ್ಲಿ ನೀಲಗಿರಿ ನೆಡುವುದಕ್ಕೆ ತಡೆ ಬಂತು. ಅಷ್ಟರಲ್ಲಿ ಎಷ್ಟೋ ಹೊಲಗಳಲ್ಲಿ ಸೈಟಿನ ಕಲ್ಲು ನಿಂತಿದ್ದವು. ಇಂಗುಗುಂಡಿ ತೋಡುವ, ಕಲ್ಯಾಣಿಗಳ ಹೂಳೆತ್ತುವ ಕೆಲಸವೂ ನಡೆದಿದೆ, ಸುಮ್ನೆ ಕೂತಿಲ್ಲ ಯಾರೂ.

ಈಗ ತಿಪ್ಪಗೊಂಡನಹಳ್ಳಿಗೆ ಎತ್ತಿನಹೊಳೆ ನೀರು ತರುವ ಯೋಜನೆಯಿದೆ. ಸಕಲೇಶಪುರದ ಕಡೆಯಿಂದ, ಪಂಪ್ ಮಾಡಿ ಘಟ್ಟ ಹತ್ತಿಸಿಕೊಂಡು. ಶಿವಗಂಗೆ ಆ ಜಲಾಶಯಕ್ಕೆ ಕಾರಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆ ದೂರ.