ಫುಟ್‌ಬಾಲ್ ಶೂ: ನೆಲ ನೋಡಿ ಸ್ಟಡ್ ಆರಿಸುವುದು

ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ಮೊದಲು ನೋಡಬೇಕಾದ್ದು ಎರಡು: ಸ್ಟಡ್ (ಶೂ ಅಡಿಯಲ್ಲಿ ಚಾಚಿಕೊಂಡ ಉಬ್ಬು) ನೆಲದೊಳಗೆ ಎಷ್ಟು ಇಳಿಯುತ್ತದೆ, ತಿರುಗುವಾಗ ಎಷ್ಟು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಇಳಿಯದಿದ್ದರೆ ಕಾಲು ಜಾರುತ್ತದೆ. ಇಳಿದದ್ದು ಬಿಡದಿದ್ದರೆ ಪಾದ ಅಲ್ಲೇ ಸಿಕ್ಕಿಕೊಂಡು ಮೈ ಮಾತ್ರ ತಿರುಗುತ್ತದೆ. ಆ ತಿರುಚಿನ ಏಟು ತಿನ್ನುವುದು ಮೊಣಕಾಲು.

ಎಫ್‌ಜಿ (ಫರ್ಮ್ ಗ್ರೌಂಡ್): ಒಣಗಿದ ಅಥವಾ ಸ್ವಲ್ಪವೇ ತೇವವಿರುವ ಸಹಜ ಹುಲ್ಲಿಗೆ. ಅಡಿಭಾಗಕ್ಕೇ ಎರಕವಾದ ಹತ್ತು ಹನ್ನೆರಡು ಪ್ಲಾಸ್ಟಿಕ್ ಸ್ಟಡ್‌ಗಳಿರುತ್ತವೆ. ಗುಂಡನೆಯವು ತಿರುಗಲು ಸುಲಭ. ಬ್ಲೇಡ್ ಆಕಾರದವು ನೇರ ಓಟಕ್ಕೆ ಚೆನ್ನಾಗಿ ಕಚ್ಚುತ್ತವೆ.

ಎಸ್‌ಜಿ (ಸಾಫ್ಟ್ ಗ್ರೌಂಡ್): ಮಳೆಗೆ ನೆನೆದು ಮೆತ್ತಗಾದ ಹುಲ್ಲಿಗೆ. ಸಾಮಾನ್ಯವಾಗಿ ಮುಂದೆ ನಾಲ್ಕು, ಹಿಮ್ಮಡಿಯಲ್ಲಿ ಎರಡು, ಬಿಚ್ಚಿ ಹಾಕಬಹುದಾದ ಲೋಹದ ಸ್ಟಡ್‌ಗಳು. 1954ರ ವಿಶ್ವಕಪ್ ಫೈನಲ್‌ನಲ್ಲಿ, ಬರ್ನ್‌ನ ಮಳೆಯಲ್ಲಿ, ಹಂಗೇರಿಯನ್ನು 3–2ರಿಂದ ಮಣಿಸಿದ ಪಶ್ಚಿಮ ಜರ್ಮನಿ ಆಟಗಾರರು ತೊಟ್ಟದ್ದು ಇಂಥ ತಿರುಪಿನ ಸ್ಟಡ್‌ಗಳನ್ನೇ. ಗಟ್ಟಿ ನೆಲಕ್ಕೆ ಇವನ್ನು ಹಾಕಿದರೆ ಇಡೀ ಭಾರ ಆರೇ ಬಿಂದುಗಳ ಮೇಲೆ ಕೂತು ಅಂಗಾಲು ಉರಿಯುತ್ತದೆ. ಆಟ ಮುಗಿದ ಮೇಲೆ ಸ್ಟಡ್ ಬಿಚ್ಚಿ, ತಿರುಪಿನ ಮಣ್ಣು ತೊಳೆದು, ಒಣಗಿಸಿ, ಗ್ರೀಸ್ ಸವರಿ. ಬಿಟ್ಟರೆ ತುಕ್ಕು ಹಿಡಿದು ಸ್ಟಡ್ ಬಿಚ್ಚುವ ಕೀಲಿಗೂ ಜಗ್ಗುವುದಿಲ್ಲ.

ಹೆಚ್ಚು ಜನ ಎಡವುವುದು ಕೃತಕ ಹುಲ್ಲಿನಲ್ಲಿ. ಎಳೆಗಳ ನಡುವೆ ಕಪ್ಪು ರಬ್ಬರ್ ಚೂರು ತುಂಬಿದ ಉದ್ದ ಹುಲ್ಲಿನ ಟರ್ಫ್‌ಗೆ ಬೇಕಾದ್ದು ಎಜಿ (ಆರ್ಟಿಫಿಷಿಯಲ್ ಗ್ರೌಂಡ್): ಸ್ಟಡ್ ಗಿಡ್ಡ, ಸಂಖ್ಯೆ ಹೆಚ್ಚು, ಬಹುಪಾಲು ಗುಂಡಗೆ, ಕೆಲವೊಮ್ಮೆ ಒಳಗೆ ಟೊಳ್ಳು. ಸಹಜ ನೆಲದಲ್ಲಿ ಮಣ್ಣು ಕಿತ್ತು ಬಂದು ಕಾಲನ್ನು ಬಿಡಿಸುತ್ತದೆ. ಕೃತಕ ಹುಲ್ಲು ಹಾಗೆ ಕಿತ್ತು ಬರುವುದಿಲ್ಲ. ಹಾಗಾಗಿ ಇಲ್ಲಿ ಎಫ್‌ಜಿ, ಅದರಲ್ಲೂ ಬ್ಲೇಡ್, ವಿಪರೀತ ಕಚ್ಚಿಕೊಳ್ಳುತ್ತದೆ. ಶೂಗೂ ಪೆಟ್ಟೇ: ಸ್ಟಡ್‌ನ ಬುಡ ಬಿರುಕು ಬಿಡುತ್ತದೆ, ಹಲವು ಕಂಪನಿಗಳು ಅದಕ್ಕೆ ವಾರಂಟಿ ಕೊಡುವುದಿಲ್ಲ. ಒಂದೇ ಜೋಡಿ ಕೊಳ್ಳುವುದಾದರೆ, ಎರಡೂ ನೆಲದಲ್ಲಿ ಆಡುವವರಿಗೆ ಎಜಿಯೇ ಲೇಸು. ಒಣ ಹುಲ್ಲಿನಲ್ಲಿ ಅದು ನಡೆಯುತ್ತದೆ, ಕೆಸರಿನಲ್ಲಿ ಮಾತ್ರ ಜಾರುತ್ತದೆ.

ಗಿಡ್ಡ ಎಳೆಯ ಹಳೇ ಟರ್ಫ್‌ಗೂ ಕಲ್ಲಿನಂತೆ ಗಟ್ಟಿಯಾದ ಮಣ್ಣಿಗೂ ಟಿಎಫ್ (ಟರ್ಫ್ ಶೂ) ಸಾಕು. ಅಡಿಯಲ್ಲಿ ಹತ್ತಾರು ಪುಟ್ಟ ರಬ್ಬರ್ ಗುಬ್ಬಿಗಳಿರುತ್ತವೆ. ಒಳಾಂಗಣಕ್ಕೆ ಐಸಿ (ಇಂಡೋರ್ ಕೋರ್ಟ್), ಅಂದರೆ ನೆಲಕ್ಕೆ ಗುರುತು ಬೀಳಿಸದ ಚಪ್ಪಟೆ ರಬ್ಬರ್.

ಯಾವುದು ಹಾಕಬೇಕೆಂದು ಗೊಂದಲವೇ? ಮೈದಾನದ ನಡುವೆಯೂ ಗೋಲ್ ಮುಂದೆಯೂ ಹೆಬ್ಬೆರಳು ಒತ್ತಿ ನೋಡಿ. ಸುಲಭವಾಗಿ ಹುಗಿದರೆ ಎಸ್‌ಜಿ, ಕಷ್ಟಪಟ್ಟು ಸ್ವಲ್ಪ ಇಳಿದರೆ ಎಫ್‌ಜಿ, ಇಳಿಯದೇ ಹೋದರೆ ಟಿಎಫ್.

ಅಳತೆ ನೋಡುವುದು ಸಂಜೆ ಹೊತ್ತು, ಆಟದ ಕಾಲುಚೀಲ ಹಾಕಿಕೊಂಡೇ. ಆಗ ಪಾದ ತುಸು ಊದಿರುತ್ತದೆ. ಬೆರಳ ತುದಿಯಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು ಜಾಗವಿರಲಿ, ಹಿಮ್ಮಡಿ ಮೇಲೇಳಬಾರದು. ಚರ್ಮದ ಶೂ ಹಾಕುತ್ತಾ ಸಡಿಲವಾಗುತ್ತದೆ, ಸಿಂಥೆಟಿಕ್ ಅಷ್ಟಾಗಿ ಹಿಗ್ಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಬಿಗಿಯೆನಿಸಿದ ಸಿಂಥೆಟಿಕ್ ಶೂ ಕೊಳ್ಳಬೇಡಿ.